ಮದ್ದುಗುಂಡಿನ ಕೊರತೆಯ ನಡುವೆ ಗುರಿ ಅಭ್ಯಾಸವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಪ್ರಶ್ನೆ: ಕಪ್ಪುವೃತ್ತ

ಕ್ಲಬ್ ಮಟ್ಟದ ಪಿಸ್ತೂಲು ಸ್ಪರ್ಧೆಗಳಲ್ಲಿ ನಾನು ಕೆಲವು ವರ್ಷಗಳಿಂದ ಭಾಗವಹಿಸುತ್ತಿದ್ದೇನೆ. 25 ಮೀಟರ್ ದೂರದ .22 (ಸಣ್ಣ ಗುಂಡಿನ) ಪಿಸ್ತೂಲು ನನ್ನ ಮುಖ್ಯ ವಿಭಾಗ. ಅದರೊಂದಿಗೆ 9 ಮಿ.ಮೀ. ಪಿಸ್ತೂಲಿನ ವೇಗದ ಸ್ಪರ್ಧೆಗಳಲ್ಲೂ ಆಸಕ್ತಿಯಿದೆ. ಈಗ ನಮ್ಮ ರೇಂಜಿಗೆ ಬರುವ ಮದ್ದುಗುಂಡಿನ ಪೂರೈಕೆ ಎಷ್ಟು ಕುಗ್ಗಿದೆಯೆಂದರೆ, ಹಿಂದೆ ಒಂದು ವಾರದ ಅಭ್ಯಾಸಕ್ಕೆ ಸಾಕಾಗುತ್ತಿದ್ದಷ್ಟನ್ನು ಇಡೀ ತಿಂಗಳಿಗೆ ಹಂಚಿಕೊಳ್ಳಬೇಕಾಗಿದೆ. ಈ ಸ್ಥಿತಿ ಯಾವಾಗ ಸುಧಾರಿಸುತ್ತದೆ ಎಂಬುದನ್ನು ಪೂರೈಕೆದಾರರೂ ಖಚಿತವಾಗಿ ಹೇಳುತ್ತಿಲ್ಲ.

ಗುಂಡಿಲ್ಲದೆ ಅಭ್ಯಾಸ ಮಾಡುವ ಕ್ರಮ, ಅಂದರೆ ಡ್ರೈ ಫೈರ್, ನನಗೆ ತಿಳಿಯದ್ದೇನಲ್ಲ. ಆದರೆ ಅದನ್ನು ಇದುವರೆಗೆ ರೇಂಜಿನ ಅಭ್ಯಾಸಕ್ಕೆ ಪೂರಕವೆಂದಷ್ಟೇ ಪರಿಗಣಿಸಿದ್ದೆ. ಈಗ ಅದೇ ಮುಖ್ಯವಾಗಿ, ರೇಂಜಿನ ಅಭ್ಯಾಸವೇ ಪೂರಕವಾಗುವ ಸಂದರ್ಭ ಬಂದಿದೆ. ಆದ್ದರಿಂದ ಅನುಭವಿಗಳಲ್ಲಿ ಕೆಲವು ಪ್ರಶ್ನೆಗಳನ್ನು ಇಡುತ್ತಿದ್ದೇನೆ. ಯಾವ ಕೌಶಲಗಳನ್ನು ಗುಂಡಿಲ್ಲದೆ ಪೂರ್ಣವಾಗಿ ಬೆಳೆಸಬಹುದು, ಯಾವುದಕ್ಕೆ ಸಜೀವ ಗುಂಡು ಬೇಕೇಬೇಕು? ಕೈಯಲ್ಲಿರುವ ಅಲ್ಪ ಗುಂಡುಗಳನ್ನು ಯಾವ ಕ್ರಮದಲ್ಲಿ ಖರ್ಚು ಮಾಡುವುದು ವಿವೇಕ? ಸಿಕ್ಕಿದ ಬ್ರ್ಯಾಂಡ್ ಬಳಸುವಾಗ ಗಮನಿಸಬೇಕಾದದ್ದೇನು? ಇದರ ಜೊತೆಗೆ ಕ್ಲಬ್ಬಿನಲ್ಲಿ ಹೊಸಬರಿಗೆ ಆರಂಭದ ಪಾಠ ಹೇಳುವ ಹೊಣೆಯೂ ನನ್ನ ಮೇಲಿದೆ. ಅವರ ಪಾಲನ್ನು ಕಡಿಮೆ ಮಾಡಬೇಕೇ ಎಂಬುದೂ ನನ್ನ ಗೊಂದಲಗಳಲ್ಲಿ ಒಂದು.

ಉತ್ತರ: ನಿಧಾನಬೆರಳು

ನಿಮ್ಮ ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ಉಳಿದವು ತಾವಾಗಿ ಬಗೆಹರಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಗುಂಡು ಕಲಿಸುವುದಕ್ಕಿಂತ ಹೆಚ್ಚಾಗಿ ಪರೀಕ್ಷಿಸುತ್ತದೆ. 25 ಮೀಟರ್ ನಿಖರತೆಯ ಹಂತದಲ್ಲಿ ಅಂಕ ಕಳೆದುಹೋಗುವುದು ಹೆಚ್ಚಾಗಿ ಎರಡು ಕಾರಣಗಳಿಂದ: ಟ್ರಿಗರ್ ಒತ್ತುವಾಗ ಸೈಟ್‌ಗಳ (ಗುರಿ ಹಿಡಿಯಲು ಕೋವಿಯ ಮೇಲೆ ಹಿಂದೆ ಮತ್ತು ಮುಂದೆ ಇರುವ ಗುರುತುಗಳ) ಹೊಂದಾಣಿಕೆ ಕೆಡುವುದು ಮತ್ತು ಕೋವಿ ಸಿಡಿದ ಕ್ಷಣದಲ್ಲಿ ಕಣ್ಣು ಮುಂದಿನ ಸೈಟನ್ನು ಬಿಟ್ಟು ಗುರಿಹಲಗೆಯತ್ತ ಓಡುವುದು. ಈ ಎರಡನ್ನೂ ಗುಂಡಿನ ಸದ್ದು ಮತ್ತು ಒದೆತ ಮುಚ್ಚಿಹಾಕುತ್ತವೆ. ಖಾಲಿ ಕೋವಿಯಲ್ಲಾದರೆ ಸುತ್ತಿಗೆ ಬಿದ್ದ ಕ್ಷಣದಲ್ಲಿ ಮುಂದಿನ ಸೈಟ್ ಎತ್ತ ಜಿಗಿಯಿತೆಂಬುದು ನಿಚ್ಚಳವಾಗಿ ಕಾಣುತ್ತದೆ.

ಇದರ ಹಿಂದಿನ ಲೆಕ್ಕವನ್ನು ಒಮ್ಮೆ ನೋಡಿದರೆ ಡ್ರೈ ಫೈರ್ ಏಕೆ ಇಷ್ಟು ಫಲಕಾರಿ ಎಂಬುದು ಮನದಟ್ಟಾಗುತ್ತದೆ. 25 ಮೀಟರ್ ಪಿಸ್ತೂಲಿನಲ್ಲಿ ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವಿನ ಅಂತರಕ್ಕೆ ಅಂತಾರಾಷ್ಟ್ರೀಯ ನಿಯಮದ ಗರಿಷ್ಠ ಮಿತಿ 220 ಮಿ.ಮೀ. ಕೋವಿ ಇಡಿಯಾಗಿ, ವಾಲದೆ, ಪಕ್ಕಕ್ಕೆ 1 ಮಿ.ಮೀ. ಸರಿದರೆ ಗುಂಡೂ ಹಲಗೆಯಲ್ಲಿ 1 ಮಿ.ಮೀ. ಮಾತ್ರ ಸರಿಯುತ್ತದೆ. ಆದರೆ ಹಿಂದಿನ ಸೈಟಿನ ಕಂಡಿಯೊಳಗೆ ಮುಂದಿನ ಸೈಟ್ 1 ಮಿ.ಮೀ. ಸರಿದರೆ 25 ಮೀಟರ್ ದೂರದಲ್ಲಿ ಗುಂಡು ಸುಮಾರು 114 ಮಿ.ಮೀ. ದೂರ ಹೋಗುತ್ತದೆ. ನಿಖರತೆಯ ಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 50 ಮಿ.ಮೀ., ಇಡೀ ಕಪ್ಪು ಭಾಗದ ವ್ಯಾಸ 200 ಮಿ.ಮೀ. ಅಂದರೆ ಆ ಒಂದೇ ಮಿಲಿಮೀಟರ್ ದೋಷ ಗುಂಡನ್ನು ಕಪ್ಪಿನ ಹೊರಗೆ ಹಾಕಿಬಿಡುತ್ತದೆ. ಕೈ ಅಲ್ಲಾಡುವುದನ್ನು ಕಂಡು ಗಾಬರಿಗೊಂಡು ಟ್ರಿಗರನ್ನು ಕಿತ್ತೆಳೆಯುವವರು ಸಣ್ಣ ದೋಷವನ್ನು ತಪ್ಪಿಸಲು ಹೋಗಿ ದೊಡ್ಡ ದೋಷವನ್ನು ಮಾಡುತ್ತಾರೆ. ಇದನ್ನು ತಿದ್ದಿಕೊಳ್ಳಲು ಒಂದು ಗುಂಡೂ ಬೇಕಾಗಿಲ್ಲ.

ಅಭ್ಯಾಸದ ಆರಂಭಕ್ಕೆ ಬಿಳಿಯ ಖಾಲಿ ಗೋಡೆ ಸಾಕು. ಗುರಿಯೇ ಇಲ್ಲದ ಗೋಡೆಯ ಎದುರು ನಿಂತು, ಸೈಟ್‌ಗಳ ಹೊಂದಾಣಿಕೆಯೊಂದನ್ನೇ ನೋಡುತ್ತ ಟ್ರಿಗರ್ ಒತ್ತಬೇಕು. ಗುರಿ ಇಲ್ಲದಿದ್ದಾಗ ಕಣ್ಣಿಗೆ ಓಡಿಹೋಗಲು ಬೇರೆ ಜಾಗವಿರುವುದಿಲ್ಲ. ಇದು ಹದಕ್ಕೆ ಬಂದ ಮೇಲೆ ದೂರಕ್ಕೆ ತಕ್ಕಂತೆ ಕುಗ್ಗಿಸಿದ ಗುರಿಯನ್ನು ಅಂಟಿಸಿಕೊಳ್ಳಬಹುದು: ಗೋಡೆ 5 ಮೀಟರ್ ದೂರದಲ್ಲಿದ್ದರೆ 25 ಮೀಟರಿನ ಐದನೇ ಒಂದು ಭಾಗವಾದ್ದರಿಂದ ಕಪ್ಪು ವೃತ್ತ 40 ಮಿ.ಮೀ. ಇರಬೇಕು. 25 ಮೀಟರ್ ಸ್ಪರ್ಧೆಯ ವೇಗದ ಹಂತವನ್ನೂ ಹೀಗೆಯೇ ಅಭ್ಯಾಸ ಮಾಡಬಹುದು. ತೋಳನ್ನು 45 ಡಿಗ್ರಿಯಲ್ಲಿ ಇಳಿಬಿಟ್ಟು ನಿಂತು, 7 ಸೆಕೆಂಡು ಕಾದು, 3 ಸೆಕೆಂಡಿನೊಳಗೆ ಎತ್ತಿ ಒಂದು ಹೊಡೆತ ಮುಗಿಸುವ ಲಯಕ್ಕೆ ಫೋನಿನಲ್ಲಿ ಒಂದು ಟೈಮರ್ ಇದ್ದರೆ ಸಾಕು. ಕೋವಿ ಮೇಲೇರುವಾಗಲೇ ಟ್ರಿಗರಿನ ಮೊದಲ ಭಾರವನ್ನು ತೆಗೆದುಕೊಳ್ಳುವ ಅಭ್ಯಾಸ ರೇಂಜಿಗಿಂತ ಇಲ್ಲಿಯೇ ಚೆನ್ನಾಗಿ ಕೂರುತ್ತದೆ, ಏಕೆಂದರೆ ಅಂಕದ ಚಿಂತೆ ಇರುವುದಿಲ್ಲ.

ಇನ್ನು ಸಜೀವ ಗುಂಡುಗಳ ಖರ್ಚಿನ ವಿಷಯ. ರೇಂಜಿಗೆ ಹೋದ ದಿನ, ಮೈ ಬಿಸಿಯಾಗುವ ಮೊದಲು ಹಾರಿಸಿದ ಮೊದಲ ಐದು ಗುಂಡುಗಳ ಅಂಕವನ್ನು ಪ್ರತ್ಯೇಕವಾಗಿ ಬರೆದಿಡಿ. ನಿಮ್ಮ ನಿಜವಾದ ಮಟ್ಟವನ್ನು ತೋರಿಸುವುದು ಆ ಐದೇ. ಪ್ರತಿ ಹೊಡೆತದ ನಂತರ ದುರ್ಬೀನಿನಲ್ಲಿ ನೋಡುವ ಮೊದಲು ಗುಂಡು ಎಲ್ಲಿ ಬಿದ್ದಿರಬಹುದೆಂಬ ಊಹೆಯನ್ನು ಕಾಗದದ ಮೇಲೆ ಗುರುತು ಮಾಡಿ, ನಂತರ ಹೋಲಿಸಿ ನೋಡಿ. ಊಹೆ ಮತ್ತು ರಂಧ್ರ ಒಂದೇ ಕಡೆ ಇದ್ದರೆ, ಅಂಕ ಕಡಿಮೆಯಾದರೂ ಚಿಂತೆಯಿಲ್ಲ; ನಿಮ್ಮ ಕಣ್ಣು ಕೆಲಸ ಮಾಡುತ್ತಿದೆ. ಹತ್ತು ಬಿದ್ದರೂ ಊಹೆ ಬೇರೆಡೆ ಇದ್ದರೆ ಅದು ಅದೃಷ್ಟವೇ ಹೊರತು ಕೌಶಲವಲ್ಲ. ಹೀಗೆ ಹಾರಿಸಿದರೆ ಒಂದು ಗಂಟೆಯಲ್ಲಿ ಇಪ್ಪತ್ತೈದು ಗುಂಡುಗಳನ್ನು ಮುಗಿಸುವುದೂ ಕಷ್ಟವಾಗುತ್ತದೆ. ಡಬ್ಬಿ ತುಂಬಿದ್ದ ಕಾಲದಲ್ಲಿ ಇಷ್ಟು ಶ್ರದ್ಧೆಯಿಂದ ಯಾರೂ ಹಾರಿಸುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳೋಣ.

ಹೊಡೆತಗಳ ನಡುವೆಯೂ ಖಾಲಿ ಹೊಡೆತಗಳನ್ನು ಸೇರಿಸಿ. ಸಂಗಾತಿಯೊಬ್ಬರು ಮ್ಯಾಗಜಿನ್‌ನಲ್ಲಿ ಸಜೀವ ಗುಂಡುಗಳ ಜೊತೆ ಡಮ್ಮಿಗಳನ್ನು (ಮದ್ದಿಲ್ಲದ ನಕಲಿ ತೋಟಾಗಳನ್ನು) ನಿಮಗೆ ತಿಳಿಯದಂತೆ ಬೆರೆಸಿ ಕೊಟ್ಟರೆ, ಡಮ್ಮಿಯ ಸರದಿ ಬಂದಾಗ ನಳಿಗೆ ಕೆಳಕ್ಕೆ ಕುಸಿದು, ಬೆದರುವ ಕೈಯ ಗುಟ್ಟು ಹೊರಬೀಳುತ್ತದೆ. ಗುಂಡಿನ ಖರ್ಚೂ ಅರ್ಧವಾಗುತ್ತದೆ.

ಉತ್ತರ: ತುಕ್ಕುನಿರೋಧಕ

ಅಭ್ಯಾಸಕ್ರಮದ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಕೋವಿ ದುರಸ್ತಿಯ ಕಡೆಯವನು. ಕೊರತೆಯ ಕಾಲದಲ್ಲಿ ನಮ್ಮ ಮೇಜಿಗೆ ಬರುವ ಕೋವಿಗಳನ್ನು ನೋಡಿ ಕೆಲವು ಎಚ್ಚರಿಕೆಗಳನ್ನು ಹೇಳುವುದು ಅಗತ್ಯವೆನಿಸುತ್ತದೆ.

ಎಲ್ಲಕ್ಕಿಂತ ಮೊದಲು ಡ್ರೈ ಫೈರ್‌ನ ಸುರಕ್ಷತೆ. ಅಭ್ಯಾಸ ಮಾಡುವ ಕೋಣೆಯಲ್ಲಿ ಒಂದೇ ಒಂದು ಸಜೀವ ಗುಂಡೂ ಇರಬಾರದು. ಜೇಬಿನಲ್ಲಿ, ಮ್ಯಾಗಜಿನ್‌ನಲ್ಲಿ, ಮೇಜಿನ ಖಾನೆಯಲ್ಲಿ ಎಲ್ಲಿಯೂ ಇರಬಾರದು. ಮ್ಯಾಗಜಿನ್ ತೆಗೆದು, ಚೇಂಬರನ್ನು (ನಳಿಗೆಯಲ್ಲಿ ತೋಟಾ ಕೂರುವ ಗೂಡನ್ನು) ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಕೋವಿ ಖಾಲಿಯೆಂದು ತಿಳಿದಿದ್ದರೂ, ಗುಂಡನ್ನು ತಡೆಯಬಲ್ಲ ಗಟ್ಟಿ ಗೋಡೆಯತ್ತ ಮಾತ್ರ ಗುರಿ ಹಿಡಿಯಬೇಕು; ಹಲಗೆಯ ತೆಳು ಗೋಡೆಯ ಆಚೆ ಮನುಷ್ಯರಿರುತ್ತಾರೆ. ಅಪಾಯ ಹೆಚ್ಚಾಗಿ ಹೊಂಚುಹಾಕುವುದು ಅಭ್ಯಾಸ ಮುಗಿದ ಮೇಲೆ. ಕೋವಿಯನ್ನು ಮತ್ತೆ ತುಂಬಿ ಇಟ್ಟು, ‘ಇನ್ನೊಂದೇ ಸಲ’ ಎಂದು ಕೈ ತಾನಾಗಿ ಟ್ರಿಗರಿನತ್ತ ಹೋಗುತ್ತದೆ. ಆದ್ದರಿಂದ ಮುಗಿದ ತಕ್ಷಣ ಗುರಿಚೀಟಿಯನ್ನು ಗೋಡೆಯಿಂದ ಕಿತ್ತು, ಕೋವಿಯನ್ನು ಬೀಗ ಹಾಕಿ ಇಟ್ಟು, ಅಂದಿಗೆ ಮುಗಿಯಿತೆಂದು ಬಾಯಿಬಿಟ್ಟು ಹೇಳಿಕೊಳ್ಳುವ ರೂಢಿ ಒಳ್ಳೆಯದು. ಮನೆಯಲ್ಲಿ ಕೋವಿ ಇಡುವ ಮತ್ತು ಹೊರತೆಗೆಯುವ ಬಗ್ಗೆ ನಿಮ್ಮ ಪರವಾನಗಿಯ ಷರತ್ತುಗಳೇನಿವೆಯೋ ಅವು ಇದೆಲ್ಲಕ್ಕೂ ಮೇಲು.

ಎರಡನೆಯದು, ಎಲ್ಲ ಕೋವಿಗಳೂ ಖಾಲಿ ಹೊಡೆತವನ್ನು ಸಮನಾಗಿ ತಾಳುವುದಿಲ್ಲ. ಇಂದಿನ ಹೆಚ್ಚಿನ 9 ಮಿ.ಮೀ. ಪಿಸ್ತೂಲುಗಳಿಗೆ ಅದರಿಂದ ತೊಂದರೆಯಿಲ್ಲ. .22ರ ಕಥೆ ಬೇರೆ. ಆ ತೋಟಾದಲ್ಲಿ ಪ್ರೈಮರ್ ದ್ರವ್ಯ (ಬಡಿದಾಗ ಸಿಡಿದು ಮದ್ದನ್ನು ಹೊತ್ತಿಸುವ ವಸ್ತು) ಇರುವುದು ತಳದ ಅಂಚಿನೊಳಗೆ, ಆದ್ದರಿಂದ ಫೈರಿಂಗ್ ಪಿನ್ ಬಡಿಯುವುದೂ ಅಂಚಿಗೆ. ತೋಟಾ ಇಲ್ಲದಿದ್ದರೆ, ಪಿನ್ನನ್ನು ತಡೆಯುವ ವ್ಯವಸ್ಥೆಯಿಲ್ಲದ ಕೋವಿಗಳಲ್ಲಿ ಅದು ನೇರವಾಗಿ ಚೇಂಬರಿನ ಅಂಚಿಗೆ ಬಡಿದು, ಕ್ರಮೇಣ ಅಲ್ಲಿ ಹಳ್ಳ ಬೀಳಿಸುತ್ತದೆ. ಅಂಥ ಚೇಂಬರಿನಿಂದ ಖಾಲಿ ತೋಟಾ ಸಲೀಸಾಗಿ ಹೊರಬರುವುದಿಲ್ಲ. ತಯಾರಕರ ಕೈಪಿಡಿಯನ್ನು ಓದಿ. ಅನುಮಾನವಿದ್ದರೆ ಸ್ನ್ಯಾಪ್ ಕ್ಯಾಪ್ (ಪಿನ್ನಿನ ಪೆಟ್ಟನ್ನು ತಾಳುವ ನಕಲಿ ತೋಟಾ) ಬಳಸಿ. ಕೆಲವು ಸ್ಪರ್ಧಾ ಪಿಸ್ತೂಲುಗಳಲ್ಲಿ ಖಾಲಿ ಅಭ್ಯಾಸಕ್ಕೆಂದೇ ಪ್ರತ್ಯೇಕ ವ್ಯವಸ್ಥೆಯಿರುತ್ತದೆ. ಸ್ಪ್ರಿಂಗ್ ಶಕ್ತಿಯ ಏರ್ ರೈಫಲ್ ಮತ್ತು ಏರ್ ಪಿಸ್ತೂಲುಗಳನ್ನಂತೂ ಪೆಲೆಟ್ ಇಲ್ಲದೆ ಹಾರಿಸಲೇಬಾರದು: ಪೆಲೆಟ್ ಒಡ್ಡುವ ತಡೆಯಿಂದ ಮುಂದೆ ಗಾಳಿಯ ಮೆತ್ತೆ ಉಂಟಾಗದೆ ಪಿಸ್ಟನ್ ಕೊಳವೆಯ ತುದಿಗೆ ಅಪ್ಪಳಿಸಿ ಸೀಲ್ ಮತ್ತು ಸ್ಪ್ರಿಂಗ್ ಹಾಳಾಗುತ್ತವೆ.

ಸಿಕ್ಕಿದ ಗುಂಡನ್ನು ಬಳಸುವ ವಿಷಯಕ್ಕೆ ಬರೋಣ. ಹೊಸ ಬ್ರ್ಯಾಂಡ್, ಅಷ್ಟೇಕೆ, ಅದೇ ಬ್ರ್ಯಾಂಡಿನ ಹೊಸ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬಂದರೂ ಗುಂಡು ಬೀಳುವ ಜಾಗ ಬದಲಾಗಬಹುದು. .22ರಲ್ಲಿ ಈ ವ್ಯತ್ಯಾಸ ಹೆಚ್ಚು. ಅನೇಕ ಸ್ಪರ್ಧಾ ಪಿಸ್ತೂಲುಗಳು ಸಾಮಾನ್ಯ ವೇಗದ ಗುಂಡಿಗೆ ತಕ್ಕಂತೆ ಮಾಡಲ್ಪಟ್ಟಿರುತ್ತವೆ. ಸಿಕ್ಕಿತೆಂದು ಅತಿವೇಗದ ಗುಂಡನ್ನು ತುಂಬಿದರೆ ಸ್ಲೈಡಿಗೆ ಅನಗತ್ಯ ಪೆಟ್ಟು ಬೀಳುತ್ತದೆ. 9 ಮಿ.ಮೀ.ನಲ್ಲಿ ಐ.ಪಿ.ಎಸ್.ಸಿ. ಮಾದರಿಯ (ಓಡಾಡುತ್ತ ವೇಗವಾಗಿ ಹೊಡೆಯುವ) ಸ್ಪರ್ಧೆ ಆಡುವುದಾದರೆ ಪವರ್ ಫ್ಯಾಕ್ಟರ್, ಅಂದರೆ ಗುಂಡಿನ ಬಲದ ಅಳತೆಯನ್ನು, ಗಮನಿಸಬೇಕು. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲೂ ವೇಗವನ್ನು ಸೆಕೆಂಡಿಗೆ ಅಡಿಗಳಲ್ಲೂ ತೆಗೆದುಕೊಂಡು ಗುಣಿಸಿ 1000ದಿಂದ ಭಾಗಿಸಿದಾಗ ಬರುವ ಸಂಖ್ಯೆ 125ಕ್ಕಿಂತ ಕಡಿಮೆಯಿರಬಾರದು. 115 ಗ್ರೇನ್ ಗುಂಡಾದರೆ ಸೆಕೆಂಡಿಗೆ ಸುಮಾರು 1087 ಅಡಿ ವೇಗ ಬೇಕು. ಅಭ್ಯಾಸಕ್ಕೆ ಮೃದುವಾದ ಗುಂಡು ನಡೆಯುತ್ತದೆ, ಸ್ಪರ್ಧೆಯ ದಿನ ನಡೆಯುವುದಿಲ್ಲ.

ಯಾರೋ ಮರುತುಂಬಿದ, ಮೂಲ ಗೊತ್ತಿಲ್ಲದ ಗುಂಡುಗಳು ಇಂಥ ಕಾಲದಲ್ಲಿ ಕೈಯಿಂದ ಕೈಗೆ ಓಡಾಡುತ್ತವೆ. ಅವನ್ನು ಮುಟ್ಟಬೇಡಿ. ಮದ್ದು ಬೀಳದೆ ಪ್ರೈಮರ್ ಮಾತ್ರ ಇರುವ ತೋಟಾ ಸಿಡಿದರೆ, ಆ ಅಲ್ಪ ಬಲಕ್ಕೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿದರೆ, ಒದೆತ ಕಡಿಮೆಯೆನಿಸಿದರೆ, ತಕ್ಷಣ ನಿಲ್ಲಿಸಿ, ಖಾಲಿ ಮಾಡಿ, ನಳಿಗೆಯ ಒಳಗನ್ನು ನೋಡಿಯೇ ಮುಂದುವರಿಯಬೇಕು. ಸ್ವತಃ ಮರುತುಂಬುವವರಿಗೂ ಒಂದು ಮಾತು. ಕೊರತೆ ಬಂದಾಗ ಹಲವು ಸಲ ಮೊದಲು ಮಾಯವಾಗುವುದು ಪ್ರೈಮರ್. ಅದನ್ನು ತಯಾರಿಸುವ ಕಾರ್ಖಾನೆಗಳು ಕೆಲವೇ. ಲೆಡ್ ಸ್ಟಿಫ್ನೇಟ್‌ನಂಥ, ತಾಗಿದರೆ ಸಿಡಿಯುವ ರಾಸಾಯನಿಕಗಳ ಕೆಲಸವಾದ್ದರಿಂದ ಉತ್ಪಾದನೆಯನ್ನು ಥಟ್ಟನೆ ಹೆಚ್ಚಿಸಲು ಆಗುವುದಿಲ್ಲ. ಹಾಗೆಂದು ಕೈಗೆ ಸಿಕ್ಕ ಬೇರೆ ಜಾತಿಯ ಪ್ರೈಮರನ್ನೋ ಮದ್ದನ್ನೋ ಮದ್ದಿನ ಪ್ರಮಾಣದ ಪಟ್ಟಿಯ ಆಧಾರವಿಲ್ಲದೆ ಬದಲಾಯಿಸಿದರೆ ಒತ್ತಡ ಎಲ್ಲಿಗೆ ಏರುತ್ತದೆಂದು ಹೇಳಲಾಗದು.

ಹಳೆಯ ಸೇನಾ ದಾಸ್ತಾನಿನ ಗುಂಡು ಸಿಕ್ಕರೆ ಅದರ ಪ್ರೈಮರ್ ಪೊಟ್ಯಾಸಿಯಂ ಕ್ಲೋರೇಟ್ ಜಾತಿಯದಿರಬಹುದು. ಅದು ಉರಿದು ಉಳಿಯುವ ಉಪ್ಪು ಗಾಳಿಯ ತೇವವನ್ನು ಹೀರಿ ಬಹುಬೇಗ ತುಕ್ಕು ಹಿಡಿಸುತ್ತದೆ. ಆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಅದೇ ದಿನ ಮೊದಲು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

ಕೊನೆಯದಾಗಿ ಶಾಟ್‌ಗನ್ ಬಳಸುವವರಿಗೆ. ಬೇರೆ ಬೇರೆ ಗಾತ್ರದ ತೋಟಾಗಳನ್ನು ಒಂದೇ ಚೀಲದಲ್ಲಿ ಬೆರೆಸಬೇಡಿ. 20 ಬೋರ್ ತೋಟಾ 12 ಬೋರ್ ಕೋವಿಯ ಚೇಂಬರಿನಿಂದ ಜಾರಿ ನಳಿಗೆಯಲ್ಲಿ ಮುಂದೆ ಹೋಗಿ ಕೂರುತ್ತದೆ. ಚೇಂಬರ್ ಖಾಲಿಯಿರುವಂತೆ ಕಾಣುವುದರಿಂದ ಅದರ ಹಿಂದೆ 12 ಬೋರ್ ತೋಟಾ ತುಂಬಿ ಹಾರಿಸಿದರೆ ಕೋವಿ ಸ್ಫೋಟಿಸುತ್ತದೆ. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿರುವುದು ಇದೇ ಕಾರಣಕ್ಕೆ.

ಉತ್ತರ: ಎರಡನೇ_ಹೊಡೆತ

‘ನಿಧಾನಬೆರಳು’ ಅವರ ಮಾತು ನಿಖರತೆಯ ಹಂತಕ್ಕೆ ಅಕ್ಷರಶಃ ಸರಿ. ಆದರೆ ಅದನ್ನು ಹಾಗೆಯೇ 9 ಮಿ.ಮೀ. ವೇಗದ ಸ್ಪರ್ಧೆಗೆ ಅನ್ವಯಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮೊದಲ ಹೊಡೆತಕ್ಕಿಂತ ಎರಡನೆಯದು ಮುಖ್ಯ. ಒದೆತದಿಂದ ಮೇಲೆದ್ದ ಸೈಟ್ ತಾನಾಗಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆಯೇ ಇಲ್ಲವೇ ಎಂಬುದನ್ನು ಖಾಲಿ ಕೋವಿ ಎಷ್ಟು ವರ್ಷ ಬಳಸಿದರೂ ತಿಳಿಸಲಾರದು. ಅಷ್ಟೇ ಅಲ್ಲ, ಒದೆತವೇ ಇಲ್ಲದ ಅಭ್ಯಾಸದಲ್ಲಿ ಹಿಡಿತ ತಿಳಿಯದಂತೆ ಸಡಿಲಗೊಳ್ಳುತ್ತ ಹೋಗುತ್ತದೆ. ಸಡಿಲ ಹಿಡಿತದಲ್ಲಿ ಟ್ರಿಗರ್ ನುಣುಪಾಗಿ ಓಡುತ್ತದೆ, ಸೈಟ್ ಅಲುಗುವುದಿಲ್ಲ, ಎಲ್ಲವೂ ಚೆನ್ನಾಗಿದೆಯೆನಿಸುತ್ತದೆ. ರೇಂಜಿಗೆ ಹೋದಾಗ ಎರಡನೇ ಗುಂಡು ಎಲ್ಲಿಗೋ ಹೋಗುತ್ತದೆ.

ಇನ್ನೊಂದು ತೊಡಕು ಟೈಮರಿನದು. ನಿಗದಿತ ಸಮಯದೊಳಗೆ ಹೊಡೆತ ಮುಗಿಸುವ ಅಭ್ಯಾಸವನ್ನು ಒಬ್ಬರೇ ಮಾಡುವಾಗ, ಸೈಟನ್ನು ನೋಡದೆಯೇ ಟ್ರಿಗರ್ ಒತ್ತಿ ಸಮಯವನ್ನು ಗೆದ್ದುಬಿಡುವ ಚಟ ಬರುತ್ತದೆ. ಖಾಲಿ ಹೊಡೆತಕ್ಕೆ ರಂಧ್ರವಿಲ್ಲ, ಆದ್ದರಿಂದ ಸಾಕ್ಷಿಯೂ ಇಲ್ಲ. ಹೀಗಾಗಿ ಪ್ರತಿ ಖಾಲಿ ಹೊಡೆತಕ್ಕೂ ‘ಸೈಟ್ ಕಂಡಿತೇ?’ ಎಂದು ಕೇಳಿಕೊಂಡು, ಕಾಣದಿದ್ದರೆ ಅದನ್ನು ಲೆಕ್ಕದಿಂದ ತೆಗೆದುಹಾಕುವ ಪ್ರಾಮಾಣಿಕತೆ ಬೇಕು.

ಹಾಗಾದರೆ 9 ಮಿ.ಮೀ. ಗುಂಡುಗಳನ್ನು ಎಲ್ಲಿ ಖರ್ಚು ಮಾಡಬೇಕು? ಹೋಲ್‌ಸ್ಟರಿನಿಂದ ತೆಗೆಯುವುದು, ಮ್ಯಾಗಜಿನ್ ಬದಲಿಸುವುದು, ಒಂದು ಗುರಿಯಿಂದ ಇನ್ನೊಂದಕ್ಕೆ ಕಣ್ಣನ್ನು ಒಯ್ಯುವುದು, ಓಡಿಬಂದು ನಿಲ್ಲುವುದು, ಸಿಕ್ಕಿಕೊಂಡ ಡಮ್ಮಿಯನ್ನು ಬಿಡಿಸುವುದು, ಇವೆಲ್ಲವೂ ಮನೆಯಲ್ಲಿ ಆಗಲಿ. ಇದಕ್ಕೆ ರೇಂಜಿನಲ್ಲಿ ಒಂದು ಗುಂಡನ್ನೂ ಕೊಡಬೇಡಿ. ರೇಂಜಿನಲ್ಲಿ ಮೂರು ಮೂರು ಗುಂಡುಗಳ ಸರಣಿಗಳನ್ನು ಮಾತ್ರ, ಹತ್ತಿರದ ದೂರದಿಂದ ಹಾರಿಸಿ. ಎರಡು ಹಾರಿಸಿದರೆ ಸೈಟ್ ಮರಳುವುದನ್ನು ಒಂದು ಸಲ ನೋಡಿದಂತಾಗುತ್ತದೆ. ಮೂರನೆಯದರಲ್ಲಿ ಕೈಯ ಹಿಡಿತ ಮಧ್ಯದಲ್ಲಿ ಕದಲಿತೇ ಎಂಬುದು ಗೊತ್ತಾಗುತ್ತದೆ. ಆರು ಗುಂಡುಗಳ ಸರಣಿ ಇನ್ನೂ ಹೆಚ್ಚು ಹೇಳುತ್ತದೆ, ಒಪ್ಪುತ್ತೇನೆ. ಆದರೆ ಈಗಿನ ಸ್ಥಿತಿಯಲ್ಲಿ ಅದು ದುಬಾರಿ. ಪ್ರತಿ ಸರಣಿಯ ನಂತರ ರಂಧ್ರಗಳನ್ನು ನೋಡಿ, ಕಾರಣವನ್ನು ಮನಸ್ಸಿನಲ್ಲೇ ಹೇಳಿಕೊಂಡು, ಅದೇ ಚಲನೆಯನ್ನು ಖಾಲಿ ಕೋವಿಯಲ್ಲಿ ನಾಲ್ಕಾರು ಸಲ ಮಾಡಿದ ಮೇಲೆಯೇ ಮುಂದಿನ ಸರಣಿಗೆ ಹೋಗುವುದು ಉತ್ತಮ.

9 ಮಿ.ಮೀ. ಪಿಸ್ತೂಲಿಗೆ .22 ಪರಿವರ್ತನಾ ಕಿಟ್ ಸಿಗುವುದಾದರೆ ಚಲನೆ ಮತ್ತು ಗುರಿ ಬದಲಾವಣೆಗೆ ಉಪಯುಕ್ತ. ಒದೆತದ ಮಟ್ಟಿಗೆ ಅದನ್ನು ನಂಬಬೇಡಿ. .22 ಗುಂಡು ಹೊರಡುವ ಶಕ್ತಿ 9 ಮಿ.ಮೀ. ಗುಂಡಿನದಕ್ಕಿಂತ ತೀರಾ ಕಡಿಮೆ. ಕೆಟ್ಟ ಹಿಡಿತವನ್ನು ಅದು ಕ್ಷಮಿಸಿಬಿಡುತ್ತದೆ.

ಉತ್ತರ: ಪಕ್ಕದಲ್ಲಿ_ನಿಂತವರು

ತರಬೇತಿ ಕೊಡುವವರ ದೃಷ್ಟಿಯಿಂದ ಹೊಸಬರ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಗುಂಡುಗಳನ್ನು ತಲೆಗೆ ಇಷ್ಟೆಂದು ಸಮನಾಗಿ ಹಂಚುವುದು ನ್ಯಾಯದಂತೆ ಕಂಡರೂ ಅದರಿಂದ ಯಾರಿಗೂ ಪೂರ್ತಿ ಪ್ರಯೋಜನವಾಗುವುದಿಲ್ಲ. ಉದ್ದೇಶಕ್ಕೆ ತಕ್ಕಂತೆ ಹಂಚಬೇಕು. ಕಡ್ಡಾಯ ಅರ್ಹತಾ ಪರೀಕ್ಷೆ ಎದುರಿಸಬೇಕಾದವರ ಗುಂಡುಗಳನ್ನು ಮೊದಲೇ ಎತ್ತಿಟ್ಟು, ಉಳಿದದ್ದನ್ನು ಹಂಚುವ ಮಾತನಾಡಬೇಕು.

ಹೊಸಬರಿಗೆ ಆರಂಭದಲ್ಲಿ ಬೇಕಾದದ್ದು ಗುಂಡಲ್ಲ, ಪುನರಾವರ್ತನೆ. ಅದಕ್ಕೆ ಏರ್ ಪಿಸ್ತೂಲಿಗಿಂತ ಒಳ್ಳೆಯ ಸಾಧನವಿಲ್ಲ. 10 ಮೀಟರಿನ ಏರ್ ಪಿಸ್ತೂಲು ಹಲಗೆಯಲ್ಲಿ ಹತ್ತರ ವೃತ್ತ 11.5 ಮಿ.ಮೀ. ಮಾತ್ರ, ಅದರಲ್ಲಿ ಸ್ಥಿರವಾಗಿ ಅಂಕ ಗಳಿಸುವವರು .22ಕ್ಕೆ ಬಂದಾಗ ಕಷ್ಟಪಡುವುದಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ, .22 ಗುಂಡಿನ ಅರ್ಧದಷ್ಟು. ನಳಿಗೆಯೊಳಗೆ ಅದು ಹೆಚ್ಚು ಹೊತ್ತು ಇರುವುದರಿಂದ, ಟ್ರಿಗರ್ ಬಿದ್ದ ಕೂಡಲೇ ಕೈ ಇಳಿಸುವವರ ದೋಷವನ್ನು ಹಲಗೆ ಮುಲಾಜಿಲ್ಲದೆ ತೋರಿಸುತ್ತದೆ. ಒದೆತ ಅತ್ಯಲ್ಪವಾಗಿರುವುದರಿಂದ ಬೆದರುವ ಅಭ್ಯಾಸ ಬೇರೂರುವ ಮೊದಲೇ ಟ್ರಿಗರಿನ ಹದ ಕೈಗೆ ಬರುತ್ತದೆ. ಆದರೆ ಸುರಕ್ಷತೆಯ ನಿಯಮಗಳನ್ನು ಸಡಿಲಿಸಬೇಡಿ. ಪೆಲೆಟ್ ಕಣ್ಣು ಕಳೆಯಬಲ್ಲದು.

ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಹಾರಿಸುವಾಗ ಇನ್ನೊಬ್ಬರು ಹಲಗೆಯನ್ನು ನೋಡದೆ, ಹಾರಿಸುವವರ ಬೆರಳು, ಮಣಿಕಟ್ಟು, ರೆಪ್ಪೆ ಇವನ್ನೇ ಗಮನಿಸಬೇಕು. ಹೊಸಬರು ಎಲ್ಲಿ ಹೊಡೆದರೆಂದು ನೋಡಲು ಎಲ್ಲರಿಗೂ ಆತುರ, ಹೇಗೆ ಹೊಡೆದರೆಂದು ನೋಡುವವರು ವಿರಳ. ಹೀಗೆ ನೋಡುವವರಿಗೂ ಒಂದು ಗುಂಡಿನ ಪಾಠ ಸಿಗುತ್ತದೆ. ಸಜೀವ ಗುಂಡಿನ ಸರದಿಯಲ್ಲಿ ಒಂದೊಂದೇ ತುಂಬಿಸಿ. ಐದು ತುಂಬಿದ ಮ್ಯಾಗಜಿನ್ ಕೈಗೆ ಬಂದರೆ ಐದನ್ನೂ ಮುಗಿಸುವ ಆತುರ ಹುಟ್ಟುತ್ತದೆ.

ಕ್ಲಬ್ಬಿಗೆ ಸ್ಕ್ಯಾಟ್‌ನಂಥ ಎಲೆಕ್ಟ್ರಾನಿಕ್ ತರಬೇತಿ ಉಪಕರಣವನ್ನು ಹಂಚಿಕೊಂಡು ಕೊಳ್ಳಲು ಸಾಧ್ಯವಾದರೆ ಯೋಚಿಸಿ. ಗುರಿ ಹಲಗೆಯ ಮೇಲೆ ನಳಿಗೆ ಸುಳಿದಾಡಿದ ದಾರಿಯನ್ನು ಅದು ಪರದೆಯ ಮೇಲೆ ಗೆರೆಯಾಗಿ ಬರೆದು, ಹೊಡೆತಕ್ಕೆ ಮೊದಲಿನ ಮತ್ತು ನಂತರದ ಭಾಗಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ‘ಎರಡನೇ_ಹೊಡೆತ’ ಅವರು ಹೇಳಿದ ಸಾಕ್ಷಿಯ ಕೊರತೆ ಅಷ್ಟರಮಟ್ಟಿಗೆ ತುಂಬುತ್ತದೆ. ಕಡಿಮೆ ಖರ್ಚಿನ ಲೇಸರ್ ಉಪಕರಣಗಳೂ ಇವೆ. ಅವು ಬೆಳಕಿನ ಚುಕ್ಕೆಯನ್ನು ಗೋಡೆಯ ಮೇಲೆ ತೋರಿಸುವುದರಿಂದ ಕಲಿಯುವವರ ಕಣ್ಣು ಸೈಟ್ ಬಿಟ್ಟು ಚುಕ್ಕೆಯನ್ನು ಹುಡುಕುತ್ತದೆ. ಹೊಸಬರಿಗೆ ನಾನು ಕೊಡುವುದಿಲ್ಲ.

ಪ್ರತಿಕ್ರಿಯೆ: ಕಪ್ಪುವೃತ್ತ

ಎಲ್ಲರಿಗೂ ಧನ್ಯವಾದಗಳು. .22 ಮತ್ತು 9 ಮಿ.ಮೀ. ಎರಡಕ್ಕೂ ಒಂದೇ ಕ್ರಮ ಹೊಂದುವುದಿಲ್ಲವೆಂಬುದು ಸ್ಪಷ್ಟವಾಯಿತು. ನನ್ನ .22 ಪಿಸ್ತೂಲಿನ ಕೈಪಿಡಿಯನ್ನು ತೆಗೆದು ನೋಡಿದೆ. ಸ್ನ್ಯಾಪ್ ಕ್ಯಾಪ್ ಇಲ್ಲದೆ ಹಾರಿಸಬಾರದೆಂದೇ ಅದರಲ್ಲಿದೆ. ಒಂದು ಪ್ರಶ್ನೆ ಉಳಿಯಿತು. ಮುಂದೆ ಒಂದು ಸ್ಪರ್ಧೆಯಿದೆ. ಅಲ್ಲಿಯವರೆಗೆ ಗುಂಡುಗಳನ್ನು ಮುಟ್ಟದೆ ಕೂಡಿಟ್ಟು, ಸ್ಪರ್ಧೆಗೆ ಮೊದಲ ಕೆಲವು ದಿನಗಳಲ್ಲಿ ಒಟ್ಟಿಗೆ ಬಳಸುವುದು ಮೇಲೇ, ಅಥವಾ ಸ್ವಲ್ಪ ಸ್ವಲ್ಪವಾಗಿ ಉದ್ದಕ್ಕೂ ಬಳಸುವುದು ಮೇಲೇ?

ಉತ್ತರ: ನಿಧಾನಬೆರಳು

ಸ್ವಲ್ಪ ಸ್ವಲ್ಪವಾಗಿ ಬಳಸುವುದೇ ಮೇಲು. ಕೈಯ ಕೌಶಲ ಯಾವುದೇ ಇರಲಿ, ಒಂದೇ ದಿನ ರಾಶಿ ಹಾಕುವುದಕ್ಕಿಂತ ಅಂತರ ಬಿಟ್ಟು ಮಾಡಿದ ಅಭ್ಯಾಸ ಹೆಚ್ಚು ಕಾಲ ಉಳಿಯುತ್ತದೆ. ಇನ್ನೊಂದು ಕಾರಣವೂ ಇದೆ: ಖಾಲಿ ಅಭ್ಯಾಸದಲ್ಲಿ ನುಸುಳಿದ ದೋಷವನ್ನು ರೇಂಜಿನ ಹಲಗೆ ಬೇಗ ತೋರಿಸಿಕೊಡಬೇಕು. ತಿಂಗಳುಗಟ್ಟಲೆ ತಪ್ಪು ಹಿಡಿತವನ್ನು ಗಟ್ಟಿಮಾಡಿಕೊಂಡು ಸ್ಪರ್ಧೆಯ ವಾರದಲ್ಲಿ ಅದನ್ನು ಕಂಡುಕೊಂಡರೆ ತಿದ್ದಲು ಸಮಯವಿರುವುದಿಲ್ಲ. ಹಿಡಿತದ ವಿಷಯದಲ್ಲಿ ‘ಎರಡನೇ_ಹೊಡೆತ’ ಅವರ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಸ್ಪರ್ಧೆಗೆ ಬೇಕಾದಷ್ಟನ್ನು ಈಗಲೇ ಬೇರೆ ತೆಗೆದಿಡಿ. ಒಂದೇ ಲಾಟಿನವಾಗಿರಲಿ, ಮೂಲ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಬೀಗದೊಳಗೆ ಇರಲಿ. ಅದಕ್ಕೆ ಸೈಟ್ ಹೊಂದಿಸಲು ಬೇಕಾದ ಗುಂಡುಗಳನ್ನೂ ಸೇರಿಸಿ ಲೆಕ್ಕ ಹಾಕಿ, ಇಲ್ಲವಾದರೆ ಆ ಖರ್ಚು ಸ್ಪರ್ಧೆಯ ಪಾಲನ್ನೇ ತಿನ್ನುತ್ತದೆ. ಸೈಟ್ ಹೊಂದಿಸುವಾಗ ಮೂರು ಗುಂಡುಗಳ ಗುಂಪನ್ನು ನಂಬಿ ತಿರುಪು ತಿರುಗಿಸಬೇಡಿ. ಆಕಸ್ಮಿಕವಾಗಿ ಒಂದೆಡೆ ಬಿದ್ದ ಮೂರನ್ನು ಕಂಡು ಸೈಟ್ ಸರಿಸಿ, ಮುಂದಿನ ಮೂರು ಎದುರು ದಿಕ್ಕಿನಲ್ಲಿ ಬಿದ್ದಾಗ ಮತ್ತೆ ಹಿಂದಕ್ಕೆ ಸರಿಸುವವರೇ ಹೆಚ್ಚು; ಹೀಗೆ ಸರಿಸಾಡುವುದರಲ್ಲೇ ಅರ್ಧ ಡಬ್ಬಿ ಖಾಲಿಯಾಗುತ್ತದೆ. ಆಸರೆಯ ಮೇಲಿಟ್ಟು ಹತ್ತು ಗುಂಡುಗಳನ್ನು ತಾಳ್ಮೆಯಿಂದ ಹಾರಿಸಿ, ಅವುಗಳ ಮಧ್ಯವನ್ನು ಗುರುತಿಸಿ, ಒಮ್ಮೆ ಸರಿಸಿ, ಐದರಿಂದ ಖಚಿತಪಡಿಸಿಕೊಳ್ಳಿ. ಆಸರೆಯಲ್ಲಿ ಬಿದ್ದ ಜಾಗಕ್ಕೂ ಒಂಟಿ ಕೈಯಲ್ಲಿ ಬೀಳುವ ಜಾಗಕ್ಕೂ ತುಸು ವ್ಯತ್ಯಾಸವಿರಬಹುದು; ಅದನ್ನು ನಂತರದ ಅಭ್ಯಾಸದ ಊಹೆ-ರಂಧ್ರಗಳ ಕಾಗದವೇ ತೋರಿಸುತ್ತದೆ.

ಅಭ್ಯಾಸದ ಗುಂಡು ಬೇರೆ ಬ್ರ್ಯಾಂಡಿನದಾದರೆ ಅದಕ್ಕೆಂದು ಸೈಟನ್ನು ಮುಟ್ಟಬೇಡಿ. ಎಷ್ಟು ಕ್ಲಿಕ್ (ಸೈಟಿನ ತಿರುಪಿನ ಹೆಜ್ಜೆ) ವ್ಯತ್ಯಾಸವೆಂದು ಬರೆದಿಟ್ಟುಕೊಂಡು, ಅಷ್ಟು ಪಕ್ಕಕ್ಕೆ ಬೀಳುವ ಗುಂಪನ್ನೇ ಸರಿಯೆಂದು ಎಣಿಸಿ.